ಎರಡು ಸಲ ದೊಡ್ಡವಳಾದದ್ದು

ನಾನು ದೊಡ್ಡವಳಾದದ್ದು ಎರಡು ಸಲ. ಮೊದಲನೆಯ ಸಲ ಒಂಬತ್ತು ತುಂಬಿದ ಹೊಸದರಲ್ಲಿ, ನಾಲ್ಕನೇ ಕ್ಲಾಸಿನಲ್ಲಿ, ಯಾರಿಗೂ ಗೊತ್ತಾಗದ ಹಾಗೆ. ಎರಡನೆಯ ಸಲ ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಅಜ್ಜಂಪುರದ ಅರ್ಧ ಪೇಟೆಯ ಹೆಂಗಸರ ಎದುರಿಗೆ, ಹಸೆಯ ಮೇಲೆ ಕೂತು, ಆರತಿ ಎತ್ತಿಸಿಕೊಂಡು. ಮೊದಲನೆಯದು ತಾನಾಗಿ ಆದದ್ದು. ಎರಡನೆಯದು ಅಮ್ಮ ಮಾಡಿಸಿದ್ದು. ಹೇಳಿದರೆ ಈಗಿನ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಆದರೆ ಇವತ್ತಿಗೂ ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ತಾಯಿ ನನ್ನಂಥ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆರಗು ಹಿಂಡುತ್ತಿರುತ್ತಾಳೆ. ಅವಳ ಕೈಗೆ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ.

ಅಪ್ಪನದು ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಬಸಮ್ಮಜ್ಜಿ, ನಾನು. ಅಪ್ಪನ ಅಕ್ಕ ಮಂಗಳತ್ತೆಯನ್ನು ತರೀಕೆರೆಗೆ ಕೊಟ್ಟಿತ್ತು. ಅವರ ಮಗನಿಗೆ ನನ್ನನ್ನು ತಂದುಕೊಳ್ಳುವುದು ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ಆ ಮಾತು ಆಡುವಾಗ ನಾನು ಎಂಥವಳಾಗುತ್ತೇನೆ ಎಂದು ಯಾರಿಗೂ ಗೊತ್ತಿರಲಿಲ್ಲ, ಪಾಪ.

ಬಟ್ಟೆ ಅಂಗಡಿಯವನ ಮಗಳಾಗಿ ನನಗೆ ಬಟ್ಟೆಯೇ ಆಗುತ್ತಿರಲಿಲ್ಲ. ಹೊಸ ಬಟ್ಟೆಯ ಗಂಜಿ ಮೈಗೆ ತಾಗಿದರೆ ಇರುವೆ ಹತ್ತಿದ ಹಾಗಾಗಿ ಎಲ್ಲಿದ್ದರೆ ಅಲ್ಲೇ ಕಿತ್ತೆಸೆಯುತ್ತಿದ್ದೆ. ಹೊಲಿಗೆ ಚುಚ್ಚುತ್ತದೆ ಎಂದು ಲಂಗ, ರವಿಕೆ ಎಲ್ಲವನ್ನೂ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳುತ್ತಿದ್ದೆ. ತಲೆಗೆ ಬಾಚಣಿಗೆ ತಂದರೆ ನನ್ನ ಕೂಗಿಗೆ ಅಂಗಡಿಯಲ್ಲಿದ್ದ ಗಿರಾಕಿಗಳು ಎದ್ದು ನೋಡಲು ಬರುತ್ತಿದ್ದರು. ಜನರ ಮುಖ ನನಗೆ ನೆನಪಿರುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಆದರೆ ಯಾರು ಯಾವ ಸೀರೆ ಉಟ್ಟಿದ್ದರು ಎಂಬುದು ಒಂದೂ ಮರೆಯುತ್ತಿರಲಿಲ್ಲ. ಮಂಗಳತ್ತೆ ಪ್ರತಿ ಸಲವೂ ಬೇರೆ ಸೀರೆ ಉಟ್ಟು ಬರುತ್ತಿದ್ದರಿಂದ ಅವರನ್ನು ನಾನು ಪ್ರತಿ ಸಲವೂ ಯಾರು ಎಂದು ಕೇಳುತ್ತಿದ್ದೆ. ಬರಲಿರುವ ಸೊಸೆ ಹೀಗೆ ಕೇಳಿದರೆ ಯಾವ ಅತ್ತೆಗೆ ತಾನೇ ಖುಷಿಯಾಗುತ್ತದೆ?

ಅಂಗಡಿಗಂತೂ ನನ್ನನ್ನು ಸೇರಿಸುತ್ತಲೇ ಇರಲಿಲ್ಲ. ಒಂದು ಸಲ ಶಿವನಿ ಕಡೆಯ ಒಬ್ಬರು ಮದುವೆ ಜವಳಿಗೆ ಬಂದು ಕೂತಿದ್ದರು. ಅವರು ಕೈಯಲ್ಲಿ ಹಿಡಿದ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ ಎಂದು ಹೇಳಿದೆ. ಅದು ನಿಜ. ಹಾಗೆಂದು ಹಿಂದಿನ ದಿನ ಅಪ್ಪನೇ ಅಮ್ಮನಿಗೆ ಹೇಳುತ್ತಿದ್ದರು, ಅದನ್ನೂ ಹೇಳಿದೆ. ಆ ಜವಳಿ ಬೀರೂರಿನ ಅಂಗಡಿಗೆ ಹೋಯಿತು. ಅಪ್ಪ ನನ್ನನ್ನು ಹೊಡೆಯಲಿಲ್ಲ, ನಡುಬಾಗಿಲಿಗೆ ಚಿಲಕ ಹಾಕಿಸಿದರು.

ಇದಕ್ಕೆಲ್ಲ ಬಸಮ್ಮಜ್ಜಿಯ ಹತ್ತಿರ ಒಂದೇ ಮದ್ದು. "ದೊಡ್ಡೋಳಾಗ್ಲಿ ಬಿಡು, ಬುದ್ಧಿ ನೆಲೆಗೆ ಬತ್ತೈತೆ." ತಲೆ ಬಾಚಿಸಿಕೊಳ್ಳದಿದ್ದರೆ ದೊಡ್ಡವಳಾದ ಮೇಲೆ ಬಾಚಿಸಿಕೊಳ್ಳುತ್ತಾಳೆ. ಬಂದವರ ಮುಖ ನೋಡದಿದ್ದರೆ ದೊಡ್ಡವಳಾದ ಮೇಲೆ ನೋಡುತ್ತಾಳೆ. ಮಂಗಳತ್ತೆಗೂ ಅಜ್ಜಿ ಇದೇ ಭರವಸೆ ಕೊಟ್ಟಿದ್ದರು, ಅತ್ತೆ ಅದನ್ನೇ ನಂಬಿಕೊಂಡಿದ್ದರು. ಮನೆಮಂದಿಯೆಲ್ಲ ನಾನು ದೊಡ್ಡವಳಾಗುವ ದಿನಕ್ಕೆ ಕಾಯುತ್ತಿದ್ದರು. ಆವತ್ತೇ ನನ್ನ ಶಾಲೆಯೂ ಮುಗಿಯುತ್ತದೆ ಎಂಬುದು ಅಜ್ಜಿಯ ಇನ್ನೊಂದು ತೀರ್ಮಾನ. ದೊಡ್ಡವಳಾದ ಹುಡುಗಿ ಶಾಲೆಗೆ ಹೋಗುವಂತಿಲ್ಲ. ಆ ಮನೆಯಲ್ಲಿ ಅಜ್ಜಿಯ ಮಾತೆಂದರೆ ಅಮಲ್ದಾರರ ಆರ್ಡರು.

ನನಗೆ ಮದುವೆ ಎಂದರೆ ಏನೆಂದು ಗೊತ್ತಿರಲಿಲ್ಲ, ಆದರೆ ಶಾಲೆ ಎಂದರೆ ಪ್ರಾಣ. ಓದಿನ ಮೇಲಿನ ಪ್ರೀತಿ ಎಂದು ದಯವಿಟ್ಟು ತಿಳಿಯಬೇಡಿ. ಶಾಲೆಯಲ್ಲಿ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದ ಮೇಲೆ ಏನಾಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಕಿಟಕಿ ಪಕ್ಕದ ಜಾಗ ನನ್ನದು ಎಂದರೆ ದಿನವೂ ನನ್ನದೇ. ಮನೆಯಲ್ಲಿ ಹಾಗಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ಬಂದು ಕೆನ್ನೆ ಹಿಂಡಿ ಹೋಗುತ್ತಾರೆ. ತರೀಕೆರೆಯ ಅತ್ತೆಯ ಮನೆ ಇನ್ನೂ ಭಯಂಕರ. ಎರಡು ರೇಡಿಯೋ, ತುಂಬಿದ ಮನೆ, ಎಲ್ಲರ ಕೈತುಂಬ ಬಳೆ. ಒಂದು ದಿನ ಅಲ್ಲಿದ್ದು ಬಂದರೆ ನಾನು ಮಾರನೆಯ ದಿನವೆಲ್ಲ ಕಂಬಳಿ ಹೊದ್ದು ಅಟ್ಟದ ಮೇಲೆ ಮಲಗುತ್ತಿದ್ದೆ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಹಿತ್ತಲ ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದೆ. ಅಮ್ಮ ನನ್ನ ಹಿಂದೆ ನಿಂತು ಕೊಡ ಕೆಳಗಿಟ್ಟರು. ನನಗೆ ಗಾಬರಿಯಾಗಲಿಲ್ಲ, ಸಿಟ್ಟು ಬಂತು. ಲಂಗ ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು, ಅಂಟುವುದು ನನಗೆ ಆಗದು. ಗಾಬರಿಯಾದದ್ದು ಅಮ್ಮನಿಗೆ. ಒಂಬತ್ತು ವರ್ಷದ ಮಗುವಿಗೆ ರಕ್ತ ಎಂದರೆ ಏನೋ ದೊಡ್ಡ ಕಾಯಿಲೆಯೇ ಎಂದು ಅವರು ತಿಳಿದರು. ಅಜ್ಜಿಗೆ ನನ್ನ ಹೊಟ್ಟೆಯಲ್ಲಿ ಹುಳ ಇದೆ ಎಂದರು. ಅಜ್ಜಿ ಸುಮ್ಮನಿರುತ್ತಾರೆಯೇ, ಬೇವಿನ ಚಿಗುರು ಅರೆದು ಉಂಡೆ ಮಾಡಿ ನುಂಗಿಸಿದರು. ಆ ಕಹಿಯಲ್ಲೇ ನಾನು ಅಮ್ಮನ ಜೊತೆ ಬೀರೂರಿನ ರೈಲು ಹತ್ತಿದೆ. ತರೀಕೆರೆಯಲ್ಲೂ ಒಳ್ಳೆಯ ಡಾಕ್ಟರು ಇದ್ದರು, ಆದರೆ ತರೀಕೆರೆಯಲ್ಲಿ ಮಂಗಳತ್ತೆಯೂ ಇದ್ದರು. ಹಾಗಾಗಿ ಬೀರೂರಿನಲ್ಲಿ ಇಳಿದು ಬಸ್ಸಿನಲ್ಲಿ ಕಡೂರಿಗೆ ಹೋದೆವು.

ಕಡೂರಿನ ಲೇಡಿ ಡಾಕ್ಟರ ಶಾಪಿನಲ್ಲಿ ಕಾಯುವವರಿಗೆ ಎರಡು ಬೆಂಚು. ಫಿನಾಯಿಲ್ ವಾಸನೆಗೆ ನಾನು ಮೂಗಿಗೆ ಲಂಗದ ತುದಿ ಒತ್ತಿಕೊಂಡು ಕೂತೆ. ಎದುರು ಬೆಂಚಿನಲ್ಲಿ ತುಂಬು ಬಸುರಿ ಮಗಳನ್ನು ಕರೆತಂದಿದ್ದ ಒಬ್ಬ ಹೆಂಗಸು, ಬಾಯಿ ತುಂಬ ಎಲೆ ಅಡಿಕೆ. ಯಾವ ಊರು ಎಂದು ಅಮ್ಮನನ್ನು ಕೇಳಿದರು. ಅಮ್ಮ ಹೊಸದುರ್ಗದ ಕಡೆ ಎಂದರು. ನಾನು ಅಜ್ಜಂಪುರ ಎಂದೆ. ಆ ಹೆಂಗಸಿಗೆ ಹಿಗ್ಗೋ ಹಿಗ್ಗು, ತಮ್ಮದು ಅಲ್ಲೇ ಪಕ್ಕದ ಶಿವನಿ, ಪೇಟೆಯ ಬಸಮ್ಮನವರು ತಮಗೆ ದೂರದ ನೆಂಟರು ಎಂದರು. ಅಮ್ಮ ಚೀಲದೊಳಗೆ ಕೈ ಹಾಕಿದರು.

"ಏನಾಗೈತವ್ವ ನಿಂಗೆ?" ಎಂದು ಅವರು ನನ್ನನ್ನೇ ಕೇಳಿದರು.

ನಾನು ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಅಮ್ಮ ಪೆಪ್ಪರಮೆಂಟು ಹಾಕಿದರು. ಬಾಯಲ್ಲಿ ತಿಂಡಿ ಇಟ್ಟುಕೊಂಡು ಮಾತಾಡಬಾರದು ಎಂದು ನಮ್ಮ ಮೇಷ್ಟ್ರು ಹೇಳಿದ್ದರು, ನಾನು ಅದನ್ನು ಮೀರುವವಳಲ್ಲ ಎಂದು ಅಮ್ಮನಿಗೆ ಗೊತ್ತು. ಅದು ಕರಗಿತು, ಮತ್ತೆ ಬಾಯಿ ತೆರೆದೆ, ಇನ್ನೊಂದು ಬಂತು. ನಮ್ಮ ಸರದಿ ಬರುವ ಹೊತ್ತಿಗೆ ಪೊಟ್ಟಣ ಖಾಲಿಯಾಗಿ, ಬೇವು ಮತ್ತು ಪೆಪ್ಪರಮೆಂಟು ಸೇರಿ ನನಗೆ ನಿಜವಾಗಿಯೂ ಹೊಟ್ಟೆ ತೊಳಸುತ್ತಿತ್ತು. ತೋರಿಸಿಕೊಂಡು ಆಚೆ ಬರುವಾಗ ಆ ಹೆಂಗಸಿನ ಮಗಳು ಹೆರಿಗೆ ನೋವು ಬಂದು ಒಳಗೆ ಸೇರಿಕೊಂಡಿದ್ದರಿಂದ ನಾವು ಬಚಾವಾದೆವು.

ಡಾಕ್ಟರಮ್ಮ ಬಹಳ ಸಲ ಒಗೆದ ಮೆತ್ತನೆಯ ಬಿಳಿ ಸೀರೆ ಉಟ್ಟಿದ್ದರು. ಅಷ್ಟರಿಂದಲೇ ನನಗೆ ಅವರ ಮೇಲೆ ವಿಶ್ವಾಸ ಬಂತು. ಅವರು ನನ್ನನ್ನು ಸುಮ್ಮನೆ ಮುಟ್ಟಲಿಲ್ಲ. ಈಗ ಹೊಟ್ಟೆ ಮುಟ್ಟುತ್ತೇನೆ, ಕೈ ತಣ್ಣಗಿದೆ, ಬೇಗ ತೆಗೆಯುತ್ತೇನೆ ಎಂದು ಹೇಳಿ, ಹಾಗೇ ಮಾಡಿದರು. ಹುಟ್ಟಿದ ಮೇಲೆ ನನ್ನನ್ನು ಕೇಳಿ ಮುಟ್ಟಿದವರಲ್ಲಿ ಅವರೇ ಮೊದಲಿಗರು. ನೋಡಿ ಆದ ಮೇಲೆ ಅಮ್ಮನಿಗೆ, ಇದು ಕಾಯಿಲೆ ಅಲ್ಲ, ಬೇಗ ಮೈನೆರೆದಿದ್ದಾಳೆ ಅಷ್ಟೇ ಎಂದರು. ಅಮ್ಮ ಅಲ್ಲೇ ಕುರ್ಚಿಯಲ್ಲಿ ಅತ್ತುಬಿಟ್ಟರು. ಅಳುತ್ತಲೇ ಬಾಚಣಿಗೆ, ತಿರುಗುಮುರುಗು ಲಂಗ, ಮುಖ ನೋಡದಿರುವುದು, ಮದುವೆ ಜವಳಿ, ಎಲ್ಲವನ್ನೂ ಡಾಕ್ಟರ ಮೇಜಿನ ಮೇಲೆ ಸುರಿದರು.

"ಇವ್ಳು ಹಿಂಗಿರೋದ್ರಿಂದ ಅದು ಬೇಗ ಬಂತಾ, ಇಲ್ಲಾ ಅದು ಬರೋದಿತ್ತು ಅಂತ ಇವ್ಳು ಹಿಂಗಾ?" ಎಂದು ಕೇಳಿದರು.

ಡಾಕ್ಟರಮ್ಮ ಅಮ್ಮನ ಕಡೆಗೆ ನೀರಿನ ಲೋಟ ಸರಿಸಿದರು. "ನಂಗೆ ಗೊತ್ತಿಲ್ಲಮ್ಮ. ಸುಳ್ಳು ಹೇಳೋಕೆ ಇಷ್ಟ ಇಲ್ಲ. ಆದ್ರೆ ಎರಡ್ರಲ್ಲೂ ಮಗೂದು ತಪ್ಪಿಲ್ಲ, ನಿಮ್ದೂ ಇಲ್ಲ."

ಗೊತ್ತಿಲ್ಲ ಎಂದು ಹೇಳಿದ ದೊಡ್ಡವರನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ, ಮೈಯಲ್ಲಿ ಏನಾಗುತ್ತಿದೆ, ತಿಂಗಳು ತಿಂಗಳು ಏನಾಗುತ್ತದೆ, ಯಾಕಾಗುತ್ತದೆ, ಎಲ್ಲವನ್ನೂ ಪಾಠ ಹೇಳಿದ ಹಾಗೆ ಹೇಳಿದರು. ಬಟ್ಟೆ ಮೆತ್ತಗಿರಬೇಕು, ತಣ್ಣೀರಲ್ಲಿ ಒಗೆಯಬೇಕು, ಬಿಸಿಲಲ್ಲಿ ಒಣಗಿಸಬೇಕು ಎಂದರು. ಶಾಲೆ ಬಿಡಿಸಬಾರದು ಎಂದು ಅಮ್ಮನಿಗೆ ಒತ್ತಿ ಹೇಳಿದರು. ಒಂದು ಟಾನಿಕ್ ಬರೆದುಕೊಟ್ಟರು, ಅದರ ರುಚಿ ತುಕ್ಕು ಹಿಡಿದ ಮೊಳೆಯಂತಿತ್ತು.

ನನ್ನ ಸ್ವಭಾವಕ್ಕೆ ಒಂದು ಹೆಸರಿದೆ ಎಂದು ತಿಳಿದದ್ದು ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ, ನನ್ನ ತಲೆ ನರೆತ ಮೇಲೆ. ನೆಂಟರ ಮಗುವೊಂದನ್ನು ತೋರಿಸಲು ಜೊತೆಗೆ ಹೋಗಿದ್ದೆ. ಅಲ್ಲಿಯ ಡಾಕ್ಟರು ಮಗುವಿನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು, ನಾನು ಪ್ರತಿಯೊಂದಕ್ಕೂ "ನಾನೂ ಹಂಗೇ" ಎನ್ನುತ್ತಿದ್ದೆ. ಕೊನೆಗೆ ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡತೊಡಗಿದರು. ಆಟಿಸಂ ಎಂದರು. ವಾಸಿಯಾಗುವಂಥದ್ದಲ್ಲ, ವಾಸಿ ಮಾಡಬೇಕಾದದ್ದೂ ಅಲ್ಲ ಎಂದರು. ನನ್ನ ಒಂಬತ್ತನೇ ವಯಸ್ಸಿನ ಕಥೆ ಕೇಳಿ, ಇಂಥ ಹುಡುಗಿಯರಲ್ಲಿ ಕೆಲವರು ಬೇಗ ಮೈನೆರೆಯುತ್ತಾರೋ ಏನೋ ಎಂದು ಬಲ್ಲವರು ಈಗ ಹುಡುಕುತ್ತಿದ್ದಾರೆ, ಇನ್ನೂ ಗಟ್ಟಿಯಾಗಿ ಹೇಳುವ ಹಾಗಿಲ್ಲ ಎಂದರು. ನನಗೆ ನಗು ಬಂತು. ಅಮ್ಮ ಕಡೂರಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಕೇಳಿದ್ದನ್ನೇ ಇವರೆಲ್ಲ ಇನ್ನೂ ಕೇಳುತ್ತಿದ್ದಾರಲ್ಲ ಎನಿಸಿತು.

ಕಡೂರಿನಿಂದ ಮರಳುವಾಗ ರೈಲಿನಲ್ಲಿ ಅಮ್ಮ ಕಿಟಕಿಯ ಕಡೆ ನೋಡುತ್ತಾ ತೀರ್ಮಾನ ಮಾಡಿದರು. ಈ ವಿಷಯ ಯಾರಿಗೂ ತಿಳಿಯಕೂಡದು. ತಿಳಿದರೆ ಶಾಲೆ ಹೋಗುತ್ತದೆ, ತರೀಕೆರೆ ಬರುತ್ತದೆ. ನಮ್ಮದು ಲಿಂಗ ಕಟ್ಟಿದವರ ಮನೆ. ಮುಟ್ಟಿನ ಮೈಲಿಗೆ ನಮಗಿಲ್ಲ, ಹೊರಗೆ ಕೂರಿಸುವ ಪದ್ಧತಿ ಇಲ್ಲ. ಬೇರೆಯವರ ಮನೆಯಲ್ಲಾದರೆ ಮಗಳು ಹಿತ್ತಲಲ್ಲಿ ಮೂರು ದಿನ ಕೂತದ್ದು ಬೀದಿಗೆಲ್ಲ ಕಾಣುತ್ತದೆ. ನಮ್ಮಲ್ಲಿ ನಾನು ಎಂದಿನಂತೆ ಅಡಿಗೆಮನೆಗೂ ಹೋಗಬಹುದು, ಪೂಜೆಗೂ ಕೂರಬಹುದು. ಹಾಗಾಗಿ ಮುಚ್ಚಿಡಲು ನಮ್ಮ ಮನೆಗಿಂತ ಒಳ್ಳೆಯ ಮನೆ ಇರಲಿಲ್ಲ. ತೊಂದರೆ ಇದ್ದದ್ದು ನನ್ನ ಬಾಯಿಯದು.

ಯಾರಿಗೂ ಹೇಳಬೇಡ ಎಂದರೆ ನನಗೆ ಸಾಲದು, ಯಾರು ಯಾರಿಗೆ ಎಂದು ಬೇಕು. ಅಪ್ಪನಿಗೆ? ಬೇಡ. ಅಜ್ಜಿಗೆ? ಅವರಿಗಂತೂ ಬೇಡವೇ ಬೇಡ. ಮೇಷ್ಟ್ರಿಗೆ? ಬೇಡ. ಎಮ್ಮೆಗೆ? ಅಮ್ಮ ಸ್ವಲ್ಪ ಯೋಚಿಸಿ, ಎಮ್ಮೆಗೆ ಬೇಕಾದರೆ ಹೇಳಿಕೋ ಎಂದರು. ಪಾಪ, ನಮ್ಮ ಎಮ್ಮೆ ಎಲ್ಲವನ್ನೂ ಕೇಳಿಸಿಕೊಂಡಿತು. ಬಾಯಿಬಿಟ್ಟು ಕೇಳಿದರೆ ನಾನು ಸುಳ್ಳು ಹೇಳಲಾರೆ ಎಂದೂ ಅಮ್ಮನಿಗೆ ಗೊತ್ತಿತ್ತು. ಹಿಂದೊಮ್ಮೆ ಪಕ್ಕದ ಮನೆಯವರು ಊಟಕ್ಕೆ ಕರೆದರೆ ಆಗಿದೆ ಎನ್ನು ಎಂದು ಕಳಿಸಿದ್ದಕ್ಕೆ ನಾನು ಅವರಿಗೆ, ಊಟ ಆಗಿಲ್ಲ, ಆದರೆ ಆಗಿದೆ ಎನ್ನಬೇಕಂತೆ, ನಿಮ್ಮ ಸಾರು ಅಮ್ಮನಿಗೆ ಸೇರುವುದಿಲ್ಲ ಎಂದು ವಿವರವಾಗಿ ತಿಳಿಸಿದ್ದೆ. ಆದ್ದರಿಂದ ಅಮ್ಮನ ಉಪಾಯ ಒಂದೇ, ಯಾರೂ ಕೇಳದ ಹಾಗೆ ನೋಡಿಕೊಳ್ಳುವುದು.

ಮೂರು ವರ್ಷ ಅಮ್ಮ ನೋಡಿಕೊಂಡರು. ರವಿಕೆಗಳನ್ನು ಒಂದೊಂದೇ ಬೆರಳಷ್ಟು ಸಡಿಲಿಸುತ್ತಾ, ಹೆಗಲ ಮೇಲೆ ಸದಾ ಒಂದು ಟವೆಲು ಇರುವ ಹಾಗೆ ಮಾಡಿದರು. ಡಾಕ್ಟರಮ್ಮ ಬಿಸಿಲು ಎಂದಿದ್ದರಲ್ಲ, ನಾನು ಬಿಸಿಲೇ ಆಗಬೇಕೆಂದು ಹಟ ಹಿಡಿದೆ. ಆ ಬಟ್ಟೆಗಳು ಮಾಳಿಗೆಯ ಮೇಲೆ ಅಪ್ಪನ ತೆಳು ಪಂಚೆಯ ಅಡಿಯಲ್ಲಿ ಒಣಗುತ್ತಿದ್ದವು. ಪಂಚೆ ದಿನವೂ ಒಗೆಯಬೇಕಾಗಿ ಬಂದು ಬೇಗ ಹರಿಯುತ್ತಿತ್ತು. ಅಪ್ಪ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಆದರೆ ಅಂಗಡಿಯಲ್ಲಿ ನೆನೆಸಿ, ಒಗೆದು, ಗಂಜಿಯೆಲ್ಲ ಹೋದ ಮೆತ್ತನೆಯ ಮಲ್ ಬಟ್ಟೆಯ ತುಂಡುಗಳು ಮಡಿಚಿಟ್ಟದ್ದು ಆಗಾಗ ನಡುಬಾಗಿಲ ಗೂಡಿನಲ್ಲಿ ಸಿಗುತ್ತಿದ್ದವು. ಮಾರುವ ಬಟ್ಟೆಯನ್ನು ಯಾವ ಅಂಗಡಿಯವನೂ ಒಗೆಯುವುದಿಲ್ಲ. ಅಪ್ಪನಿಗೆ ಗೊತ್ತಿತ್ತು ಎಂದು ಅಮ್ಮನಿಗೆ ಗೊತ್ತಿತ್ತು, ಇಬ್ಬರೂ ಅದರ ಮಾತೇ ಎತ್ತಲಿಲ್ಲ.

ಇತ್ತ ಅಜ್ಜಿಗೆ ಚಿಂತೆ ಹತ್ತಿತು. ಹನ್ನೆರಡು ದಾಟಿತು, ಹುಡುಗಿ ಇನ್ನೂ ದೊಡ್ಡವಳಾಗಲಿಲ್ಲ, ಬುದ್ಧಿ ನೆಲೆಗೆ ಬರಲಿಲ್ಲ. ಮೈಗೆ ಉಷ್ಣವಾಗಲಿ ಎಂದು ದಿನಾ ಎಳ್ಳುಂಡೆ ಮಾಡಿ ತಿನ್ನಿಸಿದರು. ಅಷ್ಟು ಉಷ್ಣ ಹೆಚ್ಚಾದೀತೆಂದು ಅಮ್ಮ ಹಿಂದೆಯೇ ಮಜ್ಜಿಗೆ ಕುಡಿಸಿದರು. ಅಜ್ಜಿ ಪರಂಗಿಹಣ್ಣು ತಂದರೆ ಅಮ್ಮ ರಾಗಿ ಅಂಬಲಿ ಕಾಯಿಸುವರು. ನನಗೇನು, ಎರಡೂ ಕಡೆಯಿಂದ ತಿಂದು ಕುಡಿದು ಚೆನ್ನಾಗಿ ದಪ್ಪಗಾದೆ. ಮಂಗಳತ್ತೆ ಬಂದಾಗಲೆಲ್ಲ ನನ್ನ ಸುತ್ತ ಒಂದು ಸುತ್ತು ಹಾಕಿ, "ಮೈಯೇನೋ ತುಂಬ್ಕಂಡೈತೆ" ಎಂದು ಅಜ್ಜಿಯ ಕಡೆ ನೋಡುತ್ತಿದ್ದರು. ನಾನು ಅವರನ್ನು ಯಾರು ಎಂದು ಕೇಳುತ್ತಿದ್ದೆ.

ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ ಅಜ್ಜಿ ಬಾಂಬು ಹಾಕಿದರು. ಹುಡುಗಿಯಲ್ಲೇ ಏನೋ ಐಬಿದೆ, ತಾವೇ ಡಾಕ್ಟರಿಗೆ ತೋರಿಸಿಕೊಂಡು ಬರುವುದಾಗಿ ಹೇಳಿದರು. ಯಾವ ಡಾಕ್ಟರು? ಕಡೂರಿನ ಲೇಡಿ ಡಾಕ್ಟರು. ಶಿವನಿಯ ನೆಂಟರೊಬ್ಬರು ಅವರ ಕೈಗುಣ ಬಹಳ ಹೊಗಳಿದ್ದರಂತೆ. ಅಮ್ಮನ ಕೈಯಲ್ಲಿದ್ದ ಸೌಟು ಸಾರಿಗೆ ಬಿತ್ತು. ಇನ್ನು ಬೇರೆ ದಾರಿಯೇ ಇರಲಿಲ್ಲ. ಎರಡು ದಿನ ಬಿಟ್ಟು ಅಮ್ಮ ಅಜ್ಜಿಯ ಕಿವಿಯಲ್ಲಿ, ಗಿರಿಜ ದೊಡ್ಡವಳಾದಳು ಎಂದು ಹೇಳಿಯೇಬಿಟ್ಟರು.

ಅಜ್ಜಿ ಕುಣಿಯುವುದೊಂದು ಬಾಕಿ. ತರೀಕೆರೆಗೆ ಹೇಳಿ ಕಳಿಸಿದರು, ಪೇಟೆಗೆಲ್ಲ ಕರೆ ಹೋಯಿತು. ಅಮ್ಮ ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಶಾಲೆ ಉಳಿಸುವುದಕ್ಕೆ ಹೈಸ್ಕೂಲು ಶುರುವಾಗುವುದರೊಳಗೆ ಏನಾದರೂ ದಾರಿ ಹುಡುಕುತ್ತೇನೆ, ಅಲ್ಲಿಯ ತನಕ ಬಾಯಿ ಭದ್ರ ಎಂದರು. ಹಸೆಯ ಮೇಲೆ ಅತ್ತೆ ಏನೇನು ಕೇಳುತ್ತಾರೆಂದು ಅವರಿಗೆ ಅಂದಾಜಿತ್ತು. ಅವಕ್ಕೆಲ್ಲ ನಾನು ಹೇಳಬಹುದಾದಂಥ ನಿಜವನ್ನೇ ಆರಿಸಿಕೊಟ್ಟರು. ಯಾವಾಗ ಎಂದರೆ ಸೋಮವಾರ ಬೆಳಿಗ್ಗೆ. ಎಲ್ಲಿ ಎಂದರೆ ಬಾವಿಕಟ್ಟೆ. ಮೊದಲು ಕಂಡವರು ಯಾರು ಎಂದರೆ ಅಮ್ಮ. ಎಲ್ಲವೂ ನಿಜ, ವರ್ಷ ಒಂದನ್ನು ಬಿಟ್ಟು. ನನಗೆ ಇದು ಬಹಳ ಮೆಚ್ಚುಗೆಯಾಯಿತು. ಎಮ್ಮೆಯ ಎದುರಿಗೇ ಬಾಯಿಪಾಠ ಮಾಡಿ ಒಪ್ಪಿಸಿದೆ.

ಆ ದಿನದ ರೇಷ್ಮೆ ಸೀರೆಯನ್ನು ನಾನು ಒಂದು ಷರತ್ತಿನ ಮೇಲೆ ಉಟ್ಟೆ, ಒಳಗೆ ನನ್ನ ಹಳೆಯ ಲಂಗ ತಿರುಗುಮುರುಗಾಗಿಯೇ ಇರಬೇಕು. ಹೂವಿನ ಜಡೆ ನಾಲ್ಕು ಜನ ಹಿಡಿದು ಹಾಕಿದರು. ಆ ಭಾರಕ್ಕೆ ನನ್ನ ತಲೆ ಹಿಂದಕ್ಕೆ ಎಳೆದು ನಾನು ತೊಲೆ ನೋಡುತ್ತಾ ಕೂತೆ. ನೋಡಿದವರು ಎಷ್ಟು ಗಾಂಭೀರ್ಯ ಬಂದುಬಿಟ್ಟಿದೆ, ಆಗಲೇ ಬುದ್ಧಿ ನೆಲೆಗೆ ಬಂತು ಎಂದು ಪಿಸುಗುಟ್ಟಿದರು. ಅಜ್ಜಿ ಎಲ್ಲರಿಗೂ ಕೇಳುವಂತೆ ಹ್ಞೂಂಗುಟ್ಟಿದರು. ಹೆಂಗಸರು ಹಾಡಿದರು, ಅರಿಸಿನ ಹಚ್ಚಿದರು, ಮಡಿಲಿಗೆ ಕೊಬ್ಬರಿ ಬೆಲ್ಲ ಹಾಕಿದರು. ಮುಟ್ಟಿದವರೆಲ್ಲ ಕೇಳದೆಯೇ ಮುಟ್ಟಿದರು. ನಾನು ಹಲ್ಲು ಕಚ್ಚಿಕೊಂಡು, ಶಾಲೆಯ ಗಂಟೆಯನ್ನು ನೆನೆಯುತ್ತಾ ಸಹಿಸಿದೆ.

ಆಮೇಲೆ ಮಂಗಳತ್ತೆ ಆರತಿ ತಟ್ಟೆ ಹಿಡಿದು ಮುಂದೆ ನಿಂತರು. ಪಂಚಾಂಗ ನೋಡುವ ಅಯ್ಯನವರಿಗೆ ಹೇಳಬೇಕೆಂದು ಒಂದೊಂದೇ ಕೇಳಿದರು. ಸೋಮವಾರ ಬೆಳಿಗ್ಗೆ ಎಂದೆ. ಬಾವಿಕಟ್ಟೆ ಎಂದೆ. ಅಮ್ಮ ಎಂದೆ. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಯಾವ ಬಣ್ಣದ ಬಟ್ಟೆ ಹಾಕ್ಕಂಡಿದ್ದೆ ಆಗ?" ಎಂದರು ಅತ್ತೆ.

ಬಟ್ಟೆಯ ಬಣ್ಣದ ಮೇಲೆ ಹುಡುಗಿಯ ಹಣೆಬರಹ ಹೇಳುವ ಪದ್ಧತಿ ಇದೆ ಎಂಬುದನ್ನು, ಬಟ್ಟೆ ಅಂಗಡಿಯ ಸೊಸೆಯಾಗಿಯೂ ಅಮ್ಮ ಮರೆತಿದ್ದರು. ನಾನು ಯಾಕೆ ಮರೆಯಲಿ?

"ಹಸಿರು ಚೀಟಿ ಲಂಗ," ಎಂದೆ. "ಬಿಳೀ ಹೂವು ಇರೋದು. ಅಂಚಿಗೆ ಹಳದಿ ಪಟ್ಟಿ."

ಹಸಿರು ಬಹಳ ಒಳ್ಳೆಯದು ಎಂದು ಯಾರೋ ಹೇಳಿದರು. ಅತ್ತೆಯ ತಟ್ಟೆ ಗಾಳಿಯಲ್ಲಿ ನಿಂತಿತು. ಅವರೂ ಬಟ್ಟೆ ಅಂಗಡಿಯ ಮನೆಯಲ್ಲಿ ಹುಟ್ಟಿದವರೇ ತಾನೇ.

"ಹಳದಿ ಪಟ್ಟೀದಾ? ಅದು ನಿಂಗೆ ಗಿಡ್ಡ ಆಯ್ತು ಅಂತ ನಿಮ್ಮಮ್ಮ ನಂಗೆ ಕೊಟ್ಟಿದ್ದಲ್ವೇನೇ? ನಮ್ ಕಮಲನ ಮಗೀಗೆ ಕುಲಾವಿ ಹೊಲ್ಸಿದ್ದೆ ಅದ್ರಾಗೆ."

ಕಮಲ ಎಂದರೆ ಅತ್ತೆಯ ದೊಡ್ಡ ಮಗಳು. ಆ ಕುಲಾವಿ ಹಾಕಿಕೊಂಡು ತೊಟ್ಟಿಲಲ್ಲಿ ಮಲಗಿದ್ದ ಕೂಸು ಈಗ ನಮ್ಮ ಎದುರಿಗೆ ಕೊಬ್ಬರಿ ಕಡಿಯುತ್ತಾ ಓಡಾಡಿಕೊಂಡಿತ್ತು. ಎಲ್ಲರೂ ಆ ಮಗುವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಅಮ್ಮನನ್ನು ನೋಡಿದರು.

ಎಷ್ಟು ವರ್ಷವಾಯಿತು ಎಂದು ಅಜ್ಜಿ ಅಮ್ಮನನ್ನು ಕೇಳಿದರು. ನೇರವಾಗಿ ಕೇಳಿದ ಮೇಲೆ ಉತ್ತರ ಹೇಳದಿರುವುದು ನನ್ನಿಂದಾಗದು. ಮೂರು ವರ್ಷ, ನಾಲ್ಕನೇ ಕ್ಲಾಸಿನಲ್ಲಿ ಎಂದೆ. ಹಾಗಾದರೆ ತಾವು ಇಷ್ಟು ದಿನ ತಿನ್ನಿಸಿದ ಎಳ್ಳುಂಡೆ ಎಂದು ಅಜ್ಜಿ ರಾಗ ತೆಗೆದರು. ಚೆನ್ನಾಗಿತ್ತು ಎಂದೆ. ಹಿಂದೆ ಯಾರೋ ಕಿಸಕ್ಕೆಂದು ನಕ್ಕು, ನಗು ನುಂಗಿಕೊಂಡು ಕೆಮ್ಮಿದರು.

ಮಂಗಳತ್ತೆ ತಟ್ಟೆ ಕೆಳಗಿಟ್ಟರು. ಹಳೇ ಸುದ್ದಿಗೆ ಆರತಿ ಮಾಡಿಸಿ ತಮ್ಮ ಮಾನ ತೆಗೆದರು ಎಂದರು. ಮೂರು ವರ್ಷ ಕಳ್ಳತನದಲ್ಲಿ ಶಾಲೆಗೆ ಕಳಿಸಿದ್ದು ಸಾಕು, ನಾಳೆಯಿಂದ ಹೊಸ್ತಿಲು ದಾಟಿಸಕೂಡದು, ಬರುವ ಕಾರ್ತೀಕದಲ್ಲೇ ಮದುವೆ ಎಂದರು. ಕಿಟಕಿ ಪಕ್ಕದ ಜಾಗ ಹೋಯಿತು, ಗಂಟೆ ಹೋಯಿತು, ಇನ್ನು ಎರಡು ರೇಡಿಯೋ ಎಂದು ಅಳು ಬಂತು. ಅಮ್ಮ ನನ್ನ ಕಡೆ ಬರಲು ಹೆಜ್ಜೆ ಇಟ್ಟು, ಅಜ್ಜಿಯನ್ನು ನೋಡಿ ನಿಂತರು. ಆದರೆ ನನಗೆ ಒಂದು ವಿಷಯ ಅರ್ಥವೇ ಆಗಿರಲಿಲ್ಲ. ಅರ್ಥವಾಗದ್ದನ್ನು ನಾನು ಕೇಳಿಬಿಡುತ್ತೇನೆ.

"ಅಜ್ಜೀ, ದೊಡ್ಡೋಳಾದ್ಮೇಲೆ ಇಸ್ಕೂಲಿಗೆ ಹೋದ್ರೆ ಏನಾಗುತ್ತೆ?"

ಅಜ್ಜಿ ತಿರುಗಿ ಅತ್ತೆಯ ಮುಖ ನೋಡಿದರು.

"ನಾನು ಹೋಗ್ತಾನೇ ಇದೀನಲ್ಲಜ್ಜಿ. ಇನ್ನೂ ಏನೂ ಆಗಿಲ್ಲ. ಇನ್ಯಾವಾಗ ಆಗುತ್ತೆ?"

ಇದು ಚೇಷ್ಟೆ ಎಂದು ಎಲ್ಲರೂ ತಿಳಿದರು. ದೇವರಾಣೆಗೂ ಚೇಷ್ಟೆಯಲ್ಲ, ಏನಾಗುವುದಿದೆ ಎಂದು ಮೊದಲೇ ತಿಳಿದಿದ್ದರೆ ನನಗೆ ಸಮಾಧಾನ. ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದರು. ಅಷ್ಟರಲ್ಲಿ ಮಂಗಳತ್ತೆಗೆ ಇನ್ನೊಂದು ಯೋಚನೆ ಹೊಳೆದದ್ದು ಅವರ ಮುಖದಲ್ಲೇ ಕಾಣುತ್ತಿತ್ತು, ಮುಖ ಓದಲು ಬಾರದ ನನಗೂ ಕಂಡಿತು.

"ಹಂಗಾರೆ ಅವ್ವ," ಎಂದರು ನಿಧಾನವಾಗಿ, "ದೊಡ್ಡೋಳಾದ್ರೆ ಸರಿಹೋಗ್ತಾಳೆ ಅಂತಿದ್ದೆ. ಆಗಿ ಮೂರು ವರ್ಷ ಆಯ್ತು. ಇವ್ಳು ಇವತ್ತೂ ನನ್ನ ಯಾರು ಅಂತ ಕೇಳಿದ್ಲು. ಇನ್ಯಾವಾಗ ಸರಿಹೋಗೋದು?"

ಅಜ್ಜಿ ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಸೀರೆಯ ನೆರಿಗೆ ಸರಿದು ಒಳಗಿನ ಲಂಗದ ಹೊಲಿಗೆ ಹೊರಗೆ ಕಾಣುತ್ತಿತ್ತು. ಅದನ್ನು ನೋಡಿದರು. ಕೆನ್ನೆ ಮುಟ್ಟಲು ಕೈ ಎತ್ತಿದರು, ನಾನು ಹಿಂದಕ್ಕೆ ಸರಿದೆ, ಅವರು ಕೈ ಕೆಳಗಿಳಿಸಿದರು.

"ಸರಿಹೋಗೋದು ಏನೂ ಇಲ್ಲ ಮಂಗಳ," ಎಂದರು. "ಇವ್ಳು ಇರೋದೇ ಹಿಂಗೆ. ನಿಂಗೆ ಬ್ಯಾಡಾದ್ರೆ ಬ್ಯಾಡ ಅನ್ನು."

ಅತ್ತೆ ಬೇಡ ಎನ್ನಲಿಲ್ಲ, ಅವರದು ದೊಡ್ಡ ಮನೆತನ. ಮಗ ಇನ್ನೂ ಓದಬೇಕು, ಈಗಲೇ ಅವಸರವಿಲ್ಲ, ಮುಂದೆ ನೋಡೋಣ ಎಂದು ಸಂಜೆಯ ಬಸ್ಸಿಗೆ ತರೀಕೆರೆಗೆ ಹೋದರು. ಮುಂದೆ ಅವರು ನೋಡಲಿಲ್ಲ, ನಾವೂ ಕೇಳಲಿಲ್ಲ. ಅವರು ಕಮಲನ ಮಗುವನ್ನು ಎತ್ತಿಕೊಂಡು ಹೊರಡುವಾಗ ಅಮ್ಮ ಮಾತ್ರ ಆ ಮಗುವಿಗೆ ಇದ್ದಬದ್ದ ಕೊಬ್ಬರಿಯನ್ನೆಲ್ಲ ಕಟ್ಟಿಕೊಟ್ಟರು.

ಎಲ್ಲರೂ ಹೋದ ಮೇಲೆ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಅಮ್ಮ ನನ್ನ ಜಡೆಯ ಹೂವು ಬಿಡಿಸಿದರು. ಕೂದಲಿಗೆ ಕೈ ತಾಗದಂತೆ ಒಂದೊಂದೇ ದಾರ ಕತ್ತರಿಸುತ್ತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ, ಕೇಳಿದೆ. ಎರಡೂ ಎಂದರು. "ಮೂರು ವರ್ಷ ಹೆದ್ರಿ ಹೆದ್ರಿ ಸತ್ತೆ ಕಣೇ. ನೀನು ಒಂದ್ ಮಾತಿಗೆ ಮುಗಿಸ್ಬಿಟ್ಟೆ." ನನಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿ ಬಂತು. ಅದನ್ನು ಹೇಗೆ ತೋರಿಸುವುದೆಂದು ಗೊತ್ತಾಗದೆ, ನಿಮ್ಮ ಈ ಸೀರೆ ಬಹಳ ಮೆತ್ತಗಿದೆ ಎಂದೆ. ಅಮ್ಮನಿಗೆ ಅರ್ಥವಾಯಿತು.

ಹೈಸ್ಕೂಲು ಶುರುವಾದ ದಿನ ನಾನು ಒಳಮೈ ಹೊರಗಾದ ರವಿಕೆ ತೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಯ ಮುಂದಿನಿಂದಲೇ ಹೊರಟೆ. ಅಜ್ಜಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಎದುರು ಮನೆಯ ಹೆಂಗಸು ನೀರು ತರುತ್ತಿದ್ದವರು ಬಿಂದಿಗೆ ಸೊಂಟಕ್ಕೆ ಏರಿಸಿಕೊಂಡು ನಿಂತು, ಏನು ಬಸಮ್ಮನೋರೇ, ಮೊಮ್ಮಗಳು ದೊಡ್ಡವಳಾದಳಂತೆ, ಇನ್ನೂ ಶಾಲೆಗೆ ಕಳಿಸುತ್ತಿದ್ದೀರಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದರು.

ಅಜ್ಜಿ ಪಕ್ಕಕ್ಕೆ ತಿರುಗಿ ಉಗುಳಿ, ಬಾಯಿ ಒರೆಸಿಕೊಂಡರು.

"ಅದು ಹಳೇ ಸುದ್ದಿ ಕಣವ್ವ. ಹೊಸಾದು ಏನಾರ ಇದ್ರೆ ಹೇಳು."